ಉಮೇದು ಒಬ್ಬರ ಸ್ವತ್ತಲ್ಲ

ವಿಜಯಪುರ ಜಿಲ್ಲೆಯ ಆಡುಮಾತಿನಲ್ಲಿ 'ಉಮೇದಿ' ಎಂಬ ಪದವೊಂದಿದೆ. 'ಯಾಕೋ ಇವತ್ತ ಕೆಲಸಾ ಮಾಡಾಕ ಉಮೇದಿನ ಇಲ್ಲ' ಎಂದು ಇಂಡಿಯ ದರ್ಜಿ ಹೇಳುತ್ತಾನೆ. ಮುದ್ದೇಬಿಹಾಳದ ಪಂಕ್ಚರ್ ಅಂಗಡಿಯವನೂ ಹೇಳುತ್ತಾನೆ. ಬರವಣಿಗೆಯಲ್ಲಿ ನಾವು ಇದನ್ನು ಉಮೇದು ಎನ್ನುತ್ತೇವೆ. ಹುರುಪು, ಹುಮ್ಮಸ್ಸು ಎಂದು ಅರ್ಥ ಕೊಡುತ್ತೇವೆ. ಆದರೆ ಪಾರಸಿಯಿಂದ ಬಂದ ಈ ಪದದ ಮೂಲ ಅರ್ಥ ಭರವಸೆ, ನಿರೀಕ್ಷೆ. ಚುನಾವಣೆಗೆ ನಿಂತವನನ್ನು ಉಮೇದುವಾರ ಎನ್ನುವುದು ಈ ಅರ್ಥದಲ್ಲೇ. ಕೆಲಸದ ಹುರುಪನ್ನೂ ನಾಳೆಯ ಭರವಸೆಯನ್ನೂ ಒಂದೇ ಪದದಲ್ಲಿ ಹಿಡಿದ ಜನ ಒಂದು ಸತ್ಯವನ್ನು ಬಲ್ಲವರಾಗಿದ್ದರು. ನಾಳೆಯ ಬಗ್ಗೆ ಏನೋ ಒಂದು ಭರವಸೆ ಇದ್ದರೆ ಕೈ ತಾನಾಗಿ ಓಡುತ್ತದೆ. ಅದು ಇಲ್ಲವಾದರೆ ಎಷ್ಟು ಹುರಿದುಂಬಿಸಿದರೂ ಓಡುವುದಿಲ್ಲ.

ಈ ಪದ ನನ್ನನ್ನು ಕಾಡತೊಡಗಿದ್ದು ಕೆಲವು ಪುಸ್ತಕಗಳ ಕಾರಣಕ್ಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಪೇಟೆಗಳಲ್ಲಿ ನಡೆದುಹೋದರೆ ಎಷ್ಟೋ ಅಂಗಡಿಗಳನ್ನು ಒಬ್ಬೊಬ್ಬರೇ ನಡೆಸುತ್ತಿರುವುದು ಕಾಣುತ್ತದೆ. ಒಂದು ಹೊಲಿಗೆ ಯಂತ್ರ, ಒಂದು ಕತ್ತರಿ. ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ. ಒಂದು ಮೇಜಿನ ಮೇಲೆ ಬಿಚ್ಚಿಟ್ಟ ನಾಲ್ಕು ಮೊಬೈಲು. ಮನೆಯೊಳಗೆ ಖಡಕ್ ರೊಟ್ಟಿ ಬಡಿದು ಕಟ್ಟು ಕಟ್ಟಿ ಮಾರುವ ಹೆಣ್ಣುಮಗಳು. ಇಲ್ಲಿ ಒಡೆಯನೂ ಅವನೇ, ಆಳೂ ಅವನೇ, ಲೆಕ್ಕ ಬರೆಯುವವನೂ ಅವನೇ. ಜ್ವರ ಬಂದರೆ ಅಂಗಡಿಗೂ ಜ್ವರ. ಇಂಥವರಿಗೆ ಪುಸ್ತಕದಂಗಡಿಗಳು ದಶಕಗಳಿಂದ ಒಂದು ಔಷಧ ಮಾರುತ್ತಿವೆ. ಅದರ ಹೆಸರು ವ್ಯಕ್ತಿತ್ವ ವಿಕಸನ. ಈಗ ಅದು ಮೊಬೈಲಿನಲ್ಲಿ ಎರಡು ನಿಮಿಷದ ಭಾಷಣವಾಗಿಯೂ ಸಿಗುತ್ತದೆ. ಬೆಳಿಗ್ಗೆ ನಾಲ್ಕಕ್ಕೆ ಏಳು, ಗುರಿಯನ್ನು ಬರೆದಿಡು, ಸೋಮಾರಿತನವನ್ನು ಗೆಲ್ಲು, ನಿನ್ನ ಶತ್ರು ನೀನೇ. ಈ ಔಷಧ ನಮ್ಮ ಒಬ್ಬಂಟಿ ದುಡಿಮೆಗಾರನಿಗೆ ಹಿಡಿಯುತ್ತದೆಯೇ?

ಈ ಪುಸ್ತಕಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಕನ್ನಡದ ಸಾವಿರಾರು ಮನೆಗಳನ್ನು ಹೊಕ್ಕಿತು. ಕಾಲೇಜಿನ ಮೆಟ್ಟಿಲು ಹತ್ತದವರೂ ಅದನ್ನು ಓದಿ ಧೈರ್ಯ ತಂದುಕೊಂಡರು. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ 'ವಿಜಯಕ್ಕೆ ಐದು ಮೆಟ್ಟಿಲು' ಕೂಡ ಹಾಗೆಯೇ ಕೈಯಿಂದ ಕೈಗೆ ಹೋಯಿತು. ಯಾರೂ ಬೆನ್ನು ತಟ್ಟದ ಹುಡುಗನಿಗೆ ಒಂದು ಪುಸ್ತಕವಾದರೂ ಬೆನ್ನು ತಟ್ಟಿತಲ್ಲ ಎಂಬುದು ಸಣ್ಣ ಮಾತಲ್ಲ. ನನ್ನ ತಕರಾರಿರುವುದು ಈ ಪ್ರಕಾರ ಬೆಳೆಯುತ್ತಾ ಬೆಳೆಯುತ್ತಾ ಕಳೆದುಕೊಂಡ ಒಂದು ಸಂಗತಿಯ ಬಗ್ಗೆ.

ಅದೇನೆಂದು ತಿಳಿಯಲು ಈ ಪ್ರಕಾರದ ಮೂಲಕ್ಕೇ ಹೋಗಬೇಕು. ಇದಕ್ಕೆ ಹೆಸರನ್ನೇ ಕೊಟ್ಟ ಪುಸ್ತಕ ಸ್ಯಾಮ್ಯುಯೆಲ್ ಸ್ಮೈಲ್ಸ್‌ನ 'ಸೆಲ್ಫ್ ಹೆಲ್ಪ್'. ಪ್ರಕಟವಾದದ್ದು 1859ರಲ್ಲಿ. ಆ ಪುಸ್ತಕ ಹುಟ್ಟಿದ ಬಗೆಯನ್ನು ಸ್ಮೈಲ್ಸ್‌ನೇ ಅದರ ಆರಂಭದಲ್ಲಿ ಹೇಳಿದ್ದಾನೆ. ಇಂಗ್ಲೆಂಡಿನ ಉತ್ತರ ಭಾಗದ ಒಂದು ಪಟ್ಟಣದಲ್ಲಿ ಇಬ್ಬರು ಮೂವರು ಬಡ ಹುಡುಗರು ಚಳಿಗಾಲದ ಸಂಜೆ ಒಂದೆಡೆ ಸೇರಿ, ತಮಗೆ ತಿಳಿದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಡತೊಡಗಿದರು. ಓದು ಬಲ್ಲವನು ಓದು ಕಲಿಸಿದ, ಲೆಕ್ಕ ಬಲ್ಲವನು ಲೆಕ್ಕ ಕಲಿಸಿದ. ಸಂಖ್ಯೆ ನೂರರ ಹತ್ತಿರಕ್ಕೆ ಬೆಳೆದಾಗ ಜಾಗ ಸಾಲದೆ, ಹಿಂದೆ ಕಾಲರಾ ರೋಗಿಗಳನ್ನು ಇಡುತ್ತಿದ್ದ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದರು. ಅಲ್ಲಿಗೆ ಬಂದು ನಾಲ್ಕು ಮಾತಾಡಿ ಎಂದು ಸ್ಮೈಲ್ಸ್‌ನನ್ನು ಕರೆದರು. ಆ ಮಾತುಗಳಿಂದ ಪುಸ್ತಕ ಬೆಳೆಯಿತು.

ಅಂದರೆ 'ನಿನಗೆ ನೀನೇ ಸಹಾಯ ಮಾಡಿಕೋ' ಎಂದು ಜಗತ್ತಿಗೆ ಹೇಳಿದ ಪುಸ್ತಕ ಹುಟ್ಟಿದ್ದು ಒಬ್ಬರಿಗೊಬ್ಬರು ಸಹಾಯ ಮಾಡಿಕೊಳ್ಳುತ್ತಿದ್ದ ಒಂದು ಕೂಟದಲ್ಲಿ. ಪುಸ್ತಕದ ಹೆಸರನ್ನು ಜನ ಸ್ವಾರ್ಥ ಎಂದು ತಿಳಿದುಕೊಂಡಾಗ ಸ್ಮೈಲ್ಸ್‌ನೇ ನೊಂದು, ಮುಂದಿನ ಆವೃತ್ತಿಯ ಮುನ್ನುಡಿಯಲ್ಲಿ ಸಮಜಾಯಿಷಿ ಕೊಡಬೇಕಾಯಿತು. ಆದರೆ ಪುಸ್ತಕ ದೇಶ ದೇಶ ಸುತ್ತಿದಾಗ ಆ ಬಾಡಿಗೆ ಕೋಣೆ ಅದರ ಜೊತೆ ಪ್ರಯಾಣ ಮಾಡಲಿಲ್ಲ. ಅದರ ಮೊಮ್ಮಕ್ಕಳಂತಿರುವ ಇಂದಿನ ಪುಸ್ತಕ, ಭಾಷಣಗಳಲ್ಲಿ ಕೂಟ ಮಾಯವಾಗಿದೆ. ಒಬ್ಬ ಮನುಷ್ಯ, ಒಂದು ಕನ್ನಡಿ, ಅಷ್ಟೇ ಉಳಿದಿದೆ.

ಕೂಟ ಮಾಯವಾದರೆ ಏನಾಗುತ್ತದೆ ಎಂಬುದಕ್ಕೆ ಸಿಂದಗಿಯ ಒಬ್ಬ ದರ್ಜಿಯನ್ನು ಊಹಿಸಿಕೊಳ್ಳೋಣ. ಅವನ ಕೈ ನಿಂತಿದೆ. ಯಾಕೆ? ಸಿದ್ಧ ಉಡುಪು ಸಂತೆಗೇ ಬಂದಿದೆ. ಹಬ್ಬ, ಮದುವೆ ಬಿಟ್ಟರೆ ಹೊಲಿಸುವವರಿಲ್ಲ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಕುಟುಂಬಗಳು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವಾದ ಕಟ್ಟಡ ಕೆಲಸಗಳಿಗೆ ಗುಳೆ ಹೋಗುತ್ತವೆ. ಗಿರಾಕಿ ಊರು ಬಿಟ್ಟರೆ ಅಂಗಡಿಯೂ ಖಾಲಿ. ಉಳಿದವರ ಲೆಕ್ಕ ಉದ್ರಿ ಪುಸ್ತಕದಲ್ಲಿದೆ. ಬಸವನ ಬಾಗೇವಾಡಿ ಸೀಮೆಯಲ್ಲಂತೂ ಆಲಮಟ್ಟಿಯ ಹಿನ್ನೀರು ಹೊಲ ಮನೆಗಳನ್ನಷ್ಟೇ ಮುಳುಗಿಸಲಿಲ್ಲ. ಮುಳುಗಿದ ಪ್ರತಿ ಊರಿನೊಂದಿಗೆ ಯಾವನೋ ಕ್ಷೌರಿಕನ, ಯಾವನೋ ಬಡಿಗನ ಗಿರಾಕಿಗಳ ಬಳಗವೂ ಚದುರಿತು. ಪುನರ್ವಸತಿ ಕೇಂದ್ರದಲ್ಲಿ ಮನೆಗೆ ಜಾಗ ಸಿಗಬಹುದು, ಮೂವತ್ತು ವರ್ಷದ ಪರಿಚಯಕ್ಕೆ ಜಾಗ ಸಿಗುವುದಿಲ್ಲ.

ಇಂಥವನ ಕೈಗೆ 'ನಿನ್ನ ಶತ್ರು ನೀನೇ' ಎಂಬ ಪುಸ್ತಕ ಕೊಟ್ಟರೆ ಅವನು ಅದನ್ನು ನಂಬುತ್ತಾನೆ. ಅಪಾಯ ಇರುವುದೇ ಅಲ್ಲಿ. ಮಳೆಯ ತಪ್ಪು, ಮಾರುಕಟ್ಟೆಯ ತಪ್ಪು, ಯೋಜನೆಯ ತಪ್ಪು ಎಲ್ಲವೂ ಅವನ ಸ್ವಭಾವದ ತಪ್ಪಾಗಿಬಿಡುತ್ತವೆ. ನಾಲ್ಕಕ್ಕೆ ಏಳಲಿಲ್ಲವಲ್ಲ, ಗುರಿ ಬರೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಸೋತವನು ನಾಚಿಕೆಯಿಂದ ಜನರ ನಡುವಿನಿಂದ ಸರಿಯುತ್ತಾನೆ. ಯಾರಿಗೂ ಹೇಳದೆ ಸಾಲ ಮಾಡುತ್ತಾನೆ. ಸಣ್ಣ ಸಾಲದ ವಸೂಲಿಯ ಕಿರುಕುಳ ಎಲ್ಲಿಯವರೆಗೆ ಹೋಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳ ಹಿಂದೆ ಎಷ್ಟೋ ಒಬ್ಬಂಟಿ ಅಂಗಡಿಗಳಿದ್ದವು.

ಹಾಗಾದರೆ ಒಬ್ಬನೇ ದುಡಿಯುವವನ ಬಗ್ಗೆ ನಮ್ಮ ಸಾಹಿತ್ಯ ಏನೂ ಹೇಳಿಲ್ಲವೇ? ಹೇಳಿದೆ, ಅದೂ ಇದೇ ನೆಲದಿಂದ. ಈ ತಾಲ್ಲೂಕುಗಳ ನಕ್ಷೆಯನ್ನು ಹನ್ನೆರಡನೆಯ ಶತಮಾನದ ಕಣ್ಣಿನಿಂದ ನೋಡಿದರೆ ಅದು ಕಸುಬುದಾರರ ನಕ್ಷೆಯಂತೆ ಕಾಣುತ್ತದೆ. ಬಾಗೇವಾಡಿ ಬಸವಣ್ಣನ ಊರು. ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದ ದೇವರ ಹಿಪ್ಪರಗಿ ಮಡಿವಾಳ ಮಾಚಯ್ಯನ ಊರು. ಬಾಗೇವಾಡಿ ಸೀಮೆಯ ಮಸಬಿನಾಳ ಹಡಪದ ಅಪ್ಪಣ್ಣನ ಊರು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಅಪ್ಪಣ್ಣನ ಹೆಸರಿನ ಪೀಠವಿದೆ. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನನ್ನು ಇದೇ ಜಿಲ್ಲೆಯ ಶಿವಣಗಿಯವನೆಂದು ಹೇಳುತ್ತಾರೆ. ಒಬ್ಬ ಬಟ್ಟೆ ಒಗೆಯುವವನು, ಒಬ್ಬ ಎಲೆಯಡಿಕೆಯ ಸಂಚಿ ಹಿಡಿಯುವವನು, ಒಬ್ಬ ಹುಲ್ಲು ಕೊಯ್ದು ಹಗ್ಗ ಮಾಡುವವನು. ಹೆಸರಿನ ಮುಂದೆಯೇ ಕಸುಬನ್ನು ಕಟ್ಟಿಕೊಂಡು ಇವರು ಸಾಹಿತ್ಯಕ್ಕೆ ಬಂದರು. ಕರ್ನಾಟಕ ಸರಕಾರ 1993ರಲ್ಲಿ ತಂದ 15 ಸಂಪುಟಗಳ ಸಮಗ್ರ ವಚನದ ಪುಟ ತಿರುವಿದರೆ ಇಂಥ ಹೆಸರುಗಳ ಸಾಲೇ ಕಾಣುತ್ತದೆ. ಆ ಯೋಜನೆಯ ಪ್ರಧಾನ ಸಂಪಾದಕರಾಗಿದ್ದ, 2015ರಲ್ಲಿ ಧಾರವಾಡದ ತಮ್ಮ ಮನೆಯಲ್ಲೇ ಗುಂಡಿಗೆ ಬಲಿಯಾದ ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದೂ ಸಿಂದಗಿ ತಾಲ್ಲೂಕಿನಲ್ಲೇ.

ಈ ಕಸುಬುದಾರರ ಕಥೆಗಳು ಹದಿನೈದನೆಯ ಶತಮಾನದ ಶೂನ್ಯಸಂಪಾದನೆಗಳಲ್ಲಿ ವಿಸ್ತಾರವಾಗಿ ಬರುತ್ತವೆ. ಅವನ್ನು ಇತಿಹಾಸ ಎಂದು ಓದಬೇಕಿಲ್ಲ. ಕೆಲಸದ ಬಗ್ಗೆ ಒಂದು ಸಮಾಜ ಕಟ್ಟಿಕೊಂಡ ಕಲ್ಪನೆ ಎಂದು ಓದಿದರೆ ಸಾಕು. ಚಂದಯ್ಯ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬೀಳುತ್ತದೆ. ಅವನು ಎತ್ತಿಕೊಳ್ಳದೆ ಕೆಲಸ ಮುಂದುವರಿಸುತ್ತಾನೆ. ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸಿದರೆ ಇದು ಇಂದಿನ ಯಾವ ಸ್ಫೂರ್ತಿ ಭಾಷಣಕ್ಕಾದರೂ ಹೊಂದುತ್ತದೆ: ನೋಡಿ, ದೇವರಿಗಿಂತ ಕೆಲಸ ದೊಡ್ಡದು! ಆದರೆ ಕಥೆ ಅಲ್ಲಿ ನಿಲ್ಲುವುದಿಲ್ಲ. ಮಡಿವಾಳ ಮಾಚಯ್ಯ ಬರುತ್ತಾನೆ. ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನ ಎದುರು ಕೂತು ವಾದಿಸುತ್ತಾನೆ. ನಿನ್ನ ನಿಷ್ಠೆ ಹಟವಾಗುತ್ತಿದೆಯಲ್ಲ ಎಂದು ತಿದ್ದುತ್ತಾನೆ. ದುಡಿಮೆಯಲ್ಲಿ ಮುಳುಗಿದವನನ್ನು ಮೇಲೆತ್ತಲು ಒಬ್ಬ ಗೆಳೆಯ ಬೇಕು ಎಂಬುದು ಈ ಕಥೆಯ ತಿರುಳು.

ಆಯ್ದಕ್ಕಿ ಲಕ್ಕಮ್ಮ, ಮಾರಯ್ಯರ ಕಥೆ ಇನ್ನೂ ಸ್ಪಷ್ಟ. ಇವರು ಈ ಜಿಲ್ಲೆಯವರಲ್ಲ, ಕೃಷ್ಣೆಯ ಆಚೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಮ್ಮೆ ಅವನು ಅನುಭಾವದ ಮಾತಿನಲ್ಲಿ ಮೈಮರೆತು ಕೂತುಬಿಡುತ್ತಾನೆ. ಲಕ್ಕಮ್ಮ ಬಂದು ಕಾಯಕ ನಿಂತಿರುವುದನ್ನು ನೆನಪಿಸುತ್ತಾಳೆ. ಇನ್ನೊಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತರುತ್ತಾನೆ. ಅದನ್ನು ನೋಡಿ ಹೆಚ್ಚಿಗೆಯದನ್ನು ಅಲ್ಲಿಯೇ ಸುರಿದು ಬಾ ಎನ್ನುತ್ತಾಳೆ. ಕಡಿಮೆಯಾದಾಗ ಎಬ್ಬಿಸಿದವಳೇ ಹೆಚ್ಚಾದಾಗ ತಡೆಯುತ್ತಾಳೆ. ನಮ್ಮ ಕಾಲದ ಪುಸ್ತಕಗಳಿಗೆ ಮೊದಲ ಲಕ್ಕಮ್ಮ ಗೊತ್ತು. ಎರಡನೆಯ ಲಕ್ಕಮ್ಮ ಗೊತ್ತಿಲ್ಲ. ಇನ್ನಷ್ಟು ದುಡಿ ಎನ್ನಲು ಅವಕ್ಕೆ ಬರುತ್ತದೆ, ಇಷ್ಟು ಸಾಕು ಎನ್ನಲು ಬರುವುದಿಲ್ಲ. ಒಬ್ಬನೇ ನಡೆಸುವ ಅಂಗಡಿಯಲ್ಲಿ ಈ 'ಸಾಕು' ಎನ್ನುವವರೇ ಇರುವುದಿಲ್ಲ. ಹಬ್ಬದ ತಿಂಗಳು ರಾತ್ರಿ ಎರಡರವರೆಗೆ ಹೊಲಿದ ದರ್ಜಿ ಮುಂದಿನ ತಿಂಗಳು ಬೆನ್ನುನೋವಿನಿಂದ ಮಲಗಿದರೆ, ಅದು ಉಮೇದಿನ ಕೊರತೆಯಲ್ಲ. ಅವನಿಗೆ ಲಕ್ಕಮ್ಮನ ಕೊರತೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಕಾಯಕವನ್ನು ಕೊಂಡಾಡುವ ಆ ಎರಡು ಪದದ ಘೋಷಣೆ ಇವತ್ತು ಕಾರ್ಖಾನೆಯ ಗೋಡೆಯ ಮೇಲೂ ಇದೆ, ಕಚೇರಿಯ ಬಾಗಿಲ ಮೇಲೂ ಇದೆ. ಕೂಲಿಯ ಮಾತೆತ್ತಿದವನ ಬಾಯಿ ಮುಚ್ಚಿಸಲಿಕ್ಕೂ ಅದು ಬಳಕೆಯಾಗುತ್ತದೆ. ಕಲ್ಯಾಣದಲ್ಲಿ ಕಾಯಕದ ಜೊತೆಗೆ ಮಹಾಮನೆ ಇತ್ತು, ದಾಸೋಹ ಇತ್ತು. ಮಡಿವಾಳನೂ ಮಂತ್ರಿಯೂ ಸರಿಸಮ ಕೂತು ಮಾತಾಡುವ ಕೂಟದ ಕನಸಿತ್ತು. ಕಲ್ಯಾಣ ಚದುರಿದ ಮೇಲೆ ಕೂಟ ಹೋಯಿತು, ಕಸುಬು ಜಾತಿಯಾಗಿ ಉಳಿಯಿತು. ಊರಿನ ಕ್ಷೌರಿಕ, ಅಗಸ, ಬಡಿಗ, ಕಮ್ಮಾರರು ಸುಗ್ಗಿಯ ಕಣದಲ್ಲಿ ಆಯದ ಕಾಳಿಗಾಗಿ ನಿಲ್ಲುವ ಪದ್ಧತಿಯನ್ನು ಈ ಸೀಮೆಯ ಹಿರಿಯರು ಕಂಡಿದ್ದಾರೆ. ವರ್ಷದ ಕಾಳು ಗ್ಯಾರಂಟಿ, ಮರ್ಯಾದೆ ಮಾತ್ರ ಗ್ಯಾರಂಟಿಯಲ್ಲ. ಆ ಆಯಗಾರಿಕೆಗೆ ಮರಳಿ ಹೋಗಿ ಎಂದು ಯಾರೂ ಹೇಳಲಾರರು. ಪಟ್ಟಣದಲ್ಲಿ ಸ್ವಂತ ಅಂಗಡಿ ತೆರೆದ ಕ್ಷೌರಿಕನ ಮಗನಿಗೆ ಆ ಒಂಟಿತನ ಒಂದು ಬಿಡುಗಡೆಯೂ ಹೌದು. ಯಾರ ಹಿತ್ತಿಲ ಬಾಗಿಲಲ್ಲೂ ಅವನು ಕಾಯಬೇಕಿಲ್ಲ. ಇದನ್ನು ಮರೆತು ಹಳೆಯ ಕೂಟಗಳನ್ನು ಹಾಡಿಹೊಗಳಿದರೆ ನಾವೂ ಸುಳ್ಳು ಹೇಳಿದಂತೆ. ಬಿಡುಗಡೆಯನ್ನು ಉಳಿಸಿಕೊಂಡೇ ಒಂಟಿತನವನ್ನು ಹೇಗೆ ಕಳೆಯಬೇಕು ಎಂಬುದು ಇವತ್ತಿನ ಪ್ರಶ್ನೆ.

ಒಂಟಿ ದುಡಿಮೆಯ ಇನ್ನೊಂದು ದೊಡ್ಡ ಗ್ರಂಥವೂ ಇದೇ ಜಿಲ್ಲೆಯದು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಕೂಡಿಹಾಕಿದರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಚೆನ್ನ, ಲಿಂಗಣ್ಣ, ಸಾಹೇಬ ಒಂದೇ ಜಗಲಿಯಲ್ಲಿ ಕೂತು ತಾಯಂದಿರ ಹಾಡು ಬರೆದುಕೊಂಡ ಆ ಗೆಳೆತನವನ್ನು ಕನ್ನಡ ಇಂದಿಗೂ ನೆನೆಯುತ್ತದೆ.

ಬೀಸುವ ಹೆಣ್ಣು ವ್ಯಾಪಾರಿಯಲ್ಲ, ನಿಜ. ಆದರೆ ಒಬ್ಬಳೇ ಮಾಡುವ, ದಿನವೂ ಮಾಡುವ, ಎಂದೂ ಮುಗಿಯದ, ಯಾರೂ ಹೊಗಳದ ಕೆಲಸಕ್ಕೆ ಅವಳಿಗಿಂತ ದೊಡ್ಡ ಉದಾಹರಣೆ ಬೇಕೇ? ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸಲು ಕೂತವಳು. ಬೆಳಿಗ್ಗೆ ನಾಲ್ಕಕ್ಕೆ ಏಳುವುದನ್ನು ಅವಳಿಗೆ ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ. ಅವಳ ಕೈ ಓಡಿಸಿದ್ದು ಹಾಡು. ಆ ಹಾಡಿನಲ್ಲಿ ಏನಿದೆ ಎಂದು ಗಮನಿಸಬೇಕು. ಇನ್ನಷ್ಟು ಬೀಸು, ಬೇಗ ಬೀಸು ಎಂಬ ಮಾತಿಲ್ಲ. ತವರಿದೆ, ಅಣ್ಣ ತಮ್ಮಂದಿರಿದ್ದಾರೆ, ತೊಟ್ಟಿಲ ಕೂಸಿದೆ, ಅತ್ತೆ ನಾದಿನಿಯರ ಮೇಲಿನ ದೂರೂ ಇದೆ. ಒಂಟಿಯಾಗಿ ಕೂತವಳು ಬೀಸುಕಲ್ಲಿನ ಸುತ್ತ ಒಂದು ಬಳಗವನ್ನೇ ಕರೆದು ಕೂರಿಸಿಕೊಳ್ಳುತ್ತಾಳೆ.

ಈ ಹಾಡುಗಳು ಅಳುವಿಗೂ ದೂರಿಗೂ ಜಾಗ ಕೊಟ್ಟಿವೆ ಎಂಬುದನ್ನು ವಿಶೇಷವಾಗಿ ಹೇಳಬೇಕು. ನಮ್ಮ ಸ್ಫೂರ್ತಿ ಪುಸ್ತಕಗಳಲ್ಲಿ ದೂರಿಗೆ ಜಾಗವಿಲ್ಲ. ದೂರುವವನು ಸೋತವನು, ನಕಾರಾತ್ಮಕ ಮನುಷ್ಯ. ಗರತಿ ಮಾತ್ರ ದೂರುತ್ತಾ, ಹರಸುತ್ತಾ, ನಗುತ್ತಾ ಬೀಸುತ್ತಾಳೆ. ಹಿಟ್ಟು ಬೀಳುತ್ತಲೇ ಇರುತ್ತದೆ. ನೋವನ್ನು ಹೇಳಿಕೊಂಡವನ ಕೆಲಸ ನಿಲ್ಲುತ್ತದೆ ಎಂಬ ಸಿದ್ಧಾಂತವನ್ನು ಈ ಒಂದು ಸಂಕಲನವೇ ಸುಳ್ಳು ಮಾಡುತ್ತದೆ. ಹಿಟ್ಟಿನ ಗಿರಣಿ ಬಂತು, ಬೀಸುವ ಕಷ್ಟ ಹೋಯಿತು, ಒಳ್ಳೆಯದೇ ಆಯಿತು. ಹಾಡು ಪುಸ್ತಕ ಸೇರಿತು. ಆದರೆ ಅದೇ ಹೆಣ್ಣಿನ ಮೊಮ್ಮಗಳು ಇಂದು ರೊಟ್ಟಿ ಬಡಿದು ಮಾರುವಾಗ ಅವಳ ಪಕ್ಕದಲ್ಲಿ ಮೊಬೈಲಿದೆ. ಅದರಲ್ಲಿ ಯಾರೋ ಅಪರಿಚಿತ, ನೀನು ಗೆಲ್ಲಬಲ್ಲೆ ಎಂದು ಕೂಗುತ್ತಿದ್ದಾನೆ. ಅವಳ ಮಾತನ್ನು ಕೇಳಿಸಿಕೊಳ್ಳುವವರು ಯಾರು?

ಒಬ್ಬನೇ ನಿಂತು ದೊಡ್ಡ ಕೆಲಸ ಮಾಡಿದವರು ನಮ್ಮಲ್ಲಿ ಇಲ್ಲವೇ ಎಂದು ಯಾರಾದರೂ ಕೇಳಬಹುದು. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ ಹೆಸರು ಮೊದಲು ಬರುತ್ತದೆ. ತಾಳೆಗರಿ ಹುಡುಕಿಕೊಂಡು ಊರೂರು ಅಲೆದು, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದರು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಬರಹಗಾರ, ಸಂಪಾದಕ, ಪ್ರಕಾಶಕ ಎಲ್ಲ ಅವರೇ. ಒಂಟಿ ಸಾಹಸಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು, ಸ್ಫೂರ್ತಿ ಭಾಷಣಕಾರರು ಇನ್ನೂ ಇದನ್ನು ಮುಟ್ಟದಿರುವುದೇ ಆಶ್ಚರ್ಯ. ಆದರೆ ಇದೇ ಹಳಕಟ್ಟಿಯವರು ಅದಕ್ಕೂ ಮುಂಚೆ 1910ರಲ್ಲಿ ಒಂದು ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಲು ಮುಂದಾಗಿದ್ದರು ಎಂಬುದನ್ನು ಜೊತೆಗಿಟ್ಟು ಓದಬೇಕು. ಒಬ್ಬನೇ ಎಷ್ಟು ಮಾಡಬಹುದೆಂದು ತೋರಿಸಿದವರು, ಒಬ್ಬನೇ ಸಾಲದು ಎಂಬುದನ್ನೂ ಮೊದಲೇ ಅರಿತಿದ್ದರು. ಸಾಲಕ್ಕಾಗಿ ಯಾರ ಕಾಲೂ ಹಿಡಿಯಬೇಕಾಗದ ಒಂದು ವ್ಯವಸ್ಥೆ ಊರಿನಲ್ಲಿದ್ದರೆ ಉಮೇದು ಹೇಗೆ ಹುಟ್ಟುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಸರಕಾರಗಳಿಗೂ ಇದರ ಅರ್ಧ ಗೊತ್ತಿದೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಗುರುತಿಸಿತು. ದರ್ಜಿ, ಕ್ಷೌರಿಕ, ಅಗಸ, ಚಮ್ಮಾರ, ಕುಂಬಾರ ಎಲ್ಲ ಆ ಪಟ್ಟಿಯಲ್ಲಿದ್ದಾರೆ. ಉಪಕರಣಕ್ಕೆ 15,000 ರೂಪಾಯಿಯ ನೆರವು, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಕಡಿಮೆ ಬಡ್ಡಿಯ ಸಾಲ. ಒಳ್ಳೆಯದೇ. ಆದರೆ ಕತ್ತರಿ ಕೊಟ್ಟರೆ ಗಿರಾಕಿ ಬರುವುದಿಲ್ಲ, ಸಾಲ ಕೊಟ್ಟರೆ ಗೆಳೆಯ ಸಿಗುವುದಿಲ್ಲ. ಉಳಿದ ಅರ್ಧವನ್ನು ಊರೇ ಮಾಡಬೇಕು.

ಅದೇನೂ ಅಸಾಧ್ಯವಲ್ಲ. ಒಂದೇ ಸಾಲಿನ ನಾಲ್ಕು ದರ್ಜಿಗಳು ಕೂಡಿ ದಾರ, ಗುಂಡಿ, ಅಸ್ತರು ತಂದರೆ ಖರ್ಚು ಇಳಿಯುತ್ತದೆ. ಒಬ್ಬನಿಗೆ ಜ್ವರ ಬಂದಾಗ ಅವನ ಹಬ್ಬದ ಬಟ್ಟೆಗಳನ್ನು ಉಳಿದ ಮೂವರು ಹೊಲಿದುಕೊಡಬಹುದು. ವಾರಕ್ಕೊಮ್ಮೆ ಒಬ್ಬ ನಂಬಿಕೆಯ ಗೆಳೆಯನ ಮುಂದೆ ಉದ್ರಿ ಪುಸ್ತಕ ಬಿಚ್ಚಿಟ್ಟರೆ, ಮುಚ್ಚಿಟ್ಟ ಸಾಲ ಬೆಳೆಯುವ ಮೊದಲೇ ಕಣ್ಣಿಗೆ ಬೀಳುತ್ತದೆ. ಬಾಗಿಲು ತೆರೆಯುವ ಹೊತ್ತಿನಷ್ಟೇ ಗಟ್ಟಿಯಾಗಿ ಮುಚ್ಚುವ ಹೊತ್ತನ್ನೂ ಇಟ್ಟುಕೊಂಡರೆ ಮೈ ಉಳಿಯುತ್ತದೆ. ಗಿರಾಕಿ ಇಲ್ಲದ ಮಧ್ಯಾಹ್ನ ಪಕ್ಕದಂಗಡಿಯವನ ಜೊತೆ ಕುಡಿದ ಅರ್ಧ ಕಪ್ ಚಹಾವನ್ನು ಹೊತ್ತುಗಳೆಯುವುದು ಎಂದು ಪುಸ್ತಕಗಳು ಬೈಯುತ್ತವೆ. ಎಷ್ಟೋ ಅಂಗಡಿಗಳು ಮರುದಿನ ಬಾಗಿಲು ತೆರೆಯುವುದು ಆ ಅರ್ಧ ಕಪ್ಪಿನ ಬಲದ ಮೇಲೆ.

ಕನ್ನಡದ ವಿಮರ್ಶೆ ವಚನಗಳ ಅನುಭಾವವನ್ನು ಸಾಕಷ್ಟು ಚರ್ಚಿಸಿದೆ, ಜನಪದ ತ್ರಿಪದಿಯ ಸೊಗಸನ್ನು ಮೆಚ್ಚಿದೆ. ಆದರೆ ದಿನದಿನದ ದುಡಿಮೆಯಲ್ಲಿ ಮನುಷ್ಯ ಸೋಲದಂತೆ ನೋಡಿಕೊಂಡ ಸಾಹಿತ್ಯ ಎಂದು ಅವುಗಳನ್ನು ಓದಿದ್ದು ಕಡಿಮೆ. ಆ ಜಾಗ ಖಾಲಿ ಬಿದ್ದದ್ದರಿಂದಲೇ ಬೇರೆ ಊರಿನ ಔಷಧ ಬಂದು ಕೂತಿತು. ಬಾಗೇವಾಡಿಯ ಅಂಗಡಿಕಾರನಿಗೆ ಬೇಕಾದ ಪುಸ್ತಕವನ್ನು ಇನ್ನೂ ಯಾರೂ ಬರೆದಿಲ್ಲ. ಬರೆಯುವವರು ಅದರಲ್ಲಿ ಮಾಚಯ್ಯನಂತೆ ತಿದ್ದುವ ಗೆಳೆಯನಿಗೆ, ಲಕ್ಕಮ್ಮನ 'ಸಾಕು'ವಿಗೆ, ಗರತಿಯ ದೂರಿಗೆ ಒಂದಿಷ್ಟು ಜಾಗ ಇಡಲಿ.

'ಉಮೇದಿನ ಇಲ್ಲ' ಎಂದು ನೆರೆಯ ಅಂಗಡಿಯವನು ಹೇಳಿದಾಗ ಅವನಿಗೆ ಉಪದೇಶ ಮಾಡಬೇಡಿ. ಅವನು ತನ್ನ ಸೋಮಾರಿತನವನ್ನು ಒಪ್ಪಿಕೊಳ್ಳುತ್ತಿಲ್ಲ. ನಾಳೆ ಕಾಣುತ್ತಿಲ್ಲ ಎಂದು ಹೇಳುತ್ತಿದ್ದಾನೆ. ಸ್ವಲ್ಪ ಹೊತ್ತು ಅವನ ಅಂಗಡಿಯಲ್ಲಿ ಕೂತುಕೊಳ್ಳಿ.